ದಾನವೋ, ಪಾಲೋ?

ತನ್ನ ಕೈಯಾರೆ ನೆಟ್ಟು, ನೀರೆರೆದು ಬೆಳೆಸಿದ ಕಾಯಿಪಲ್ಯದಲ್ಲಿ ನೆರೆಯವನಿಗೆ ಒಂದಿಷ್ಟು ಕೊಡುವುದು ಔದಾರ್ಯವೆ, ಇಲ್ಲವೆ ಅವನಿಗೆ ಸಲ್ಲತಕ್ಕ ಭಾಗವನ್ನು ಸಲ್ಲಿಸುವುದೆ? ಎರಡರಿಂದಲೂ ಕಾಯಿ ಅದೇ ಬುಟ್ಟಿಗೆ ಬೀಳುವುದಾದರೂ, ಕೊಡುವವನ ಮನಸ್ಸಿಗೂ ಪಡೆಯುವವನ ಮಾನಕ್ಕೂ ಇವುಗಳಲ್ಲಿ ಬಹಳ ಅಂತರವುಂಟು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ನಾಗರಭಾವಿಯ ಮಗ್ಗುಲಿಗೆ, ಅನ್ನಪೂರ್ಣೇಶ್ವರಿ ನಗರವೆಂಬ ಬಡಾವಣೆಯಿದೆ. ಅನ್ನದ ಅಧಿದೇವತೆಯ ಹೆಸರು ಹೊತ್ತ ಸ್ಥಳದಲ್ಲಿ ಈ ಪ್ರಶ್ನೆಯನ್ನೆತ್ತುವುದು ಅನುಚಿತವಾಗಲಾರದು. ಇಂತಹ ಬಡಾವಣೆಗಳಲ್ಲಿ ಬೇಸಾಯವೆಂಬುದು ತಾರಸಿಯ ಮೇಲಣ ಕುಂಡಗಳಿಗೂ ಮನೆಯ ಪಕ್ಕದ ನಾಲ್ಕು ಮೊಳದ ಮಡಿಗೂ ಇಳಿದಿದೆ. ಕೆಲವು ಮನೆಯವರು ಕೂಡಿ ಒಂದು ತೋಟ ಮಾಡಿದರೆಂದು ಭಾವಿಸೋಣ. ಒಬ್ಬನು ದಿನವೂ ಕಳೆ ಕೀಳುವನು. ಇನ್ನೊಬ್ಬನು ಭಾನುವಾರ ಮಾತ್ರ ಬರುವನು. ಪಕ್ಕದ ಮನೆಯ ಮುದುಕಿಗೆ ಬರಲು ಕಾಲೇ ಇಲ್ಲ. ಮೂವರಿಗೂ ಪಾಲುಂಟೆ?

ಈ ಸೀಮೆಯ ಹಳೆಯ ಬೇಸಾಯಕ್ಕೆ ಇದರ ಪರಿಚಯವಿತ್ತು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ಮಳೆ ಒಂದಕ್ಕೆ ತಪ್ಪಿದರೆ ಇನ್ನೊಂದಕ್ಕೆ ಒದಗುತ್ತಿತ್ತು. ಕಣದಲ್ಲಿ ರಾಶಿಯಾದಾಗ ಕಮ್ಮಾರ, ಬಡಗಿ, ಅಗಸ, ತಳವಾರ ಮೊದಲಾದ ಆಯಗಾರರಿಗೆ ಧಾನ್ಯವನ್ನು ಅಳೆದುಕೊಡುತ್ತಿದ್ದರು. ಅದು ಭಿಕ್ಷೆಯಲ್ಲ, ನೇಗಿಲ ಗುಳವನ್ನು ಹದಮಾಡಿದವನು ಬೆಳೆಯಲ್ಲಿ ಪಾಲುಗಾರನೆಂಬ ತಿಳಿವಳಿಕೆ. ಆದರೆ ಆ ಪದ್ಧತಿಯನ್ನು ಹೊಗಳುವಾಗ ಎಚ್ಚರ ಬೇಕು. ಜಾತಿಯ ಕಟ್ಟಿಗೆ ಸಿಕ್ಕಿ ಹಲವರು ತಮ್ಮ ಹಕ್ಕಿನ ಧಾನ್ಯವನ್ನೇ ಕಣದ ಅಂಚಿನಲ್ಲಿ ದೂರ ನಿಂತು, ಬೇಡುವವರಂತೆ ಪಡೆಯಬೇಕಾಗಿತ್ತು. ನಾವು ಉಳಿಸಿಕೊಳ್ಳತಕ್ಕದ್ದು ಪಾಲಿನ ತತ್ತ್ವವನ್ನು, ಆ ದೂರವನ್ನಲ್ಲ.

"ದುಡಿಯದವನಿಗೆ ಪಾಲೇಕೆ?" ಎಂದು ಕೇಳುವವರುಂಟು. ಈ ಆಕ್ಷೇಪಣೆ ಹಗುರವಾದುದಲ್ಲ. ಶಕ್ತಿಯಿದ್ದೂ ದುಡಿಯದವನು ಉಳಿದವರ ಬೆವರನ್ನು ಉಣ್ಣುತ್ತಾನೆ. ಅವನ ಕೈಗೆ ಬುಟ್ಟಿಗಿಂತ ಮೊದಲು ಗುದ್ದಲಿಯನ್ನು ಕೊಡುವುದೇ ನ್ಯಾಯ. ಆದರೆ ದುಡಿದವನೂ ಲೆಕ್ಕಹಾಕುವಾಗ ತನ್ನ ಬೆವರೊಂದನ್ನೇ ಎಣಿಸಬಾರದು. ಬೀಜವು ಹಿಂದಿನವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದುದು. ಮಳೆ ಯಾರ ಸೊತ್ತೂ ಅಲ್ಲ. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ ಮೇಲೇರಿ ಈ ಊರಿಗೆ ಬರತಕ್ಕದ್ದು. ಇಷ್ಟು ಜನರ ಋಣವಿರುವ ಬೆಳೆಯಲ್ಲಿ ಮುದುಕಿಯ ಭಾಗ ಮಾತ್ರ ಹೆಚ್ಚಾದೀತೆ?

ಇನ್ನು ಋತುವಿನ ಮಾತು. ಪುಷ್ಯಮಾಸದಲ್ಲಿ ಹಂಚುವುದು ಸುಲಭ. ಇಬ್ಬನಿಗೆ ಸೊಗಡೇರಿದ ಅವರೆಕಾಯಿ ಬೀದಿಬೀದಿಯಲ್ಲಿ ರಾಶಿಬಿದ್ದಿರುತ್ತದೆ; ಸಂಕ್ರಾಂತಿಯಂದು ಎಳ್ಳು ಬೀರಿದ ಮನೆಗೇ ಎಳ್ಳು ಹಿಂದಿರುಗುತ್ತದೆ; ಋಣ ಯಾರ ತಲೆಯ ಮೇಲೂ ನಿಲ್ಲದು. ಅಂದವಾದ ಆಚಾರವೇ ಸರಿ. ಆದರೆ ಸಮೃದ್ಧಿಯಲ್ಲಿ, ಮಿಕ್ಕುದನ್ನು ಸಾಗಿಹಾಕುವುದೂ ಔದಾರ್ಯದಂತೆಯೇ ಕಾಣುವುದರಿಂದ, ನಿಜವಾದ ಪರೀಕ್ಷೆ ಬೇಸಗೆಯಲ್ಲಿ. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ನೆರೆಮನೆಯ ಕೊಡ ಬರಿದಾಗಿರುವಾಗ ನನ್ನ ಬದನೆಯ ಗಿಡಕ್ಕೆ ನೀರೆರೆದು, ನಾಳೆ ಅದೇ ಮನೆಗೆ ನಾಲ್ಕು ಬದನೆಕಾಯಿ ಕಳುಹಿಸಿದರೆ ಅದನ್ನು ಏನೆಂದು ಕರೆಯೋಣ? ಅವರ ನೀರನ್ನು ಅವರಿಗೇ ದಾನಮಾಡಿದಂತಾಯಿತು. ದಂಡದ ಭಯದಿಂದ ತಿಳಿಯಬೇಕಾದುದನ್ನು ವಿವೇಕವು ಮೊದಲೇ ತಿಳಿಸಬೇಕು. ಅಕ್ಕಿ ತೊಳೆದ ನೀರಿದೆ; 2009ರಿಂದ ನಗರದಲ್ಲಿ ಕಾನೂನೇ ವಿಧಿಸಿದ ಮಳೆನೀರಿನ ಸಂಗ್ರಹವಿದೆ. ಅವೂ ಸಾಲದಿದ್ದರೆ ಗಿಡ ಬಾಡಲಿ. ಮುಂಗಾರು ಬಂದಾಗ ಮತ್ತೆ ನೆಡಬಹುದು. ಬಾಯಾರಿಕೆ ಮುಂಗಾರಿಗಾಗಿ ಕಾಯಲಾರದು.

ಅನ್ನಪೂರ್ಣೆಯ ಮುಂದೆ ಸಾಕ್ಷಾತ್ ಪರಮೇಶ್ವರನೇ ಕಪಾಲವೊಡ್ಡಿ ನಿಂತನೆಂಬ ಕಥೆಯನ್ನು ವಾಚಕರು ಬಲ್ಲರು. ಕೈನೀಡಿದುದರಿಂದ ಅವನು ಕಿರಿಯನಾಗಲಿಲ್ಲ. ಬಡಿಸಿದುದರಿಂದ ಅವಳು ಬೀಗಲಿಲ್ಲ. ಮನುಷ್ಯರಾದ ನಮಗೆ ಆ ಸಮತೆ ತಾನಾಗಿ ಬಾರದು. ಅದಕ್ಕೊಂದು ಕಟ್ಟಳೆ ಬೇಕು. ಕೂಡಿ ಬೆಳೆಯುವವರು ಬಿತ್ತುವ ಮೊದಲೇ ಪಾಲನ್ನು ಗೊತ್ತುಮಾಡಿಕೊಳ್ಳಲಿ. ಕೊಯ್ಲಿನ ದಿನ, ಬರಲಾರದವರ ಭಾಗವನ್ನು ಎಲ್ಲಕ್ಕಿಂತ ಮುಂಚೆ ಎತ್ತಿಟ್ಟು ಅವರ ಬಾಗಿಲಿಗೆ ಮುಟ್ಟಿಸಲಿ. ಉಂಡು ಮಿಕ್ಕುದನ್ನು ಕೊಡುವುದು ದಾನ. ಉಣ್ಣುವ ಮೊದಲೇ ತೆಗೆದಿಡುವುದು ಪಾಲು.