ನಮ್ಮದು ಯಾರಿಗೆ ಹೋಗುತ್ತೆ?



ಬಂಧುಗಳೇ, ಮೊನ್ನೆ ವಿಜ್ಞಾನದ ಮೇಡಂ ರಜೆಯಲ್ಲಿದ್ದರು. ಎಂಟನೇ ತರಗತಿಯ ಪರಿಸರ ಪಾಠಕ್ಕೆ ಕನ್ನಡ ಮೇಷ್ಟ್ರಾದ ನಾನೇ ಹೋದೆ. ವೇಮಗಲ್ಲಿನ ಮಕ್ಕಳಿಗೆ ದೂರದ ಹಿಮಕರಡಿಯ ಕಥೆ ಯಾಕೆ ಎಂದುಕೊಂಡು ಕೆ.ಸಿ. ವ್ಯಾಲಿ ನೀರಿನಿಂದ ಶುರು ಮಾಡಿದೆ. ಬೆಂಗಳೂರಿನ ಬಚ್ಚಲು, ಕಕ್ಕಸಿನ ನೀರನ್ನು ಶುದ್ಧೀಕರಿಸಿ 2018ರ ಜೂನ್‌ನಲ್ಲಿ ನಮ್ಮ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಹರಿಸಿದರು. ಮರು ತಿಂಗಳೇ ನೊರೆ ಕಾಣಿಸಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತೆರವಾಯಿತು. ಬತ್ತಿದ ಕೆರೆಗಳು ತುಂಬಿದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ರೈತರು ಹೋರಾಡಿದ್ದೂ ನಿಜ.

ಅಲ್ಲೆಲ್ಲೋ ಬಟ್ಟೆ ಒಗೆದ ಸೋಪು ಇಲ್ಲಿ ನೊರೆಯಾಗುತ್ತದೆ ಎಂದೆ. ಮಕ್ಕಳು ಬೆಂಗಳೂರನ್ನು ಚೆನ್ನಾಗಿ ಬೈದರು. ನಾನೂ ಸೇರಿಕೊಂಡೆ ಅನ್ನಿ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸಾರ್, ಅವರದು ನಮಗೆ ಬರುತ್ತೆ. ನಮ್ಮದು ಯಾರಿಗೆ ಹೋಗುತ್ತೆ?"

ನಕ್ಷೆ ತೆಗೆದೆ. ಒಂದು ಕೆರೆ ಕೋಡಿ ಹೋದರೆ ಕೆಳಗಿನ ಕೆರೆಗೆ. ಕೋಲಾರದ ಎಷ್ಟೋ ಕೆರೆಗಳ ನೀರು ಕೊನೆಗೆ ಪಾಲಾರ್ ಸೇರಿ ಬೇತಮಂಗಲ, ಆಂಧ್ರ ದಾಟಿ, ವೆಲ್ಲೂರಿನ ಮಗ್ಗುಲಲ್ಲಿ ಸಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮಕ್ಕಳು ಬೆರಳಿಟ್ಟು ಸಮುದ್ರದವರೆಗೂ ಎಳೆದರು.

ಮಧ್ಯಾಹ್ನ ರಾಜಕಾಲುವೆಯ ಹತ್ತಿರ ಕರೆದುಕೊಂಡು ಹೋದೆ. ವಿನಯದ ಒಂದು ನಿಯಮ ಹೇಳಿದೆ: ಆರೋಗ್ಯವಾಗಿರುವ ಭಿಕ್ಷು ನೀರಿಗೆ ಮಲ, ಮೂತ್ರ, ಉಗುಳು ಹಾಕಬಾರದು. ಉಗುಳು ಎಂದಾಗ ಕಿಲಕಿಲ ನಕ್ಕರು. ಅಷ್ಟರಲ್ಲಿ ಒಬ್ಬ ಹುಡುಗ ಪೊದೆಯಿಂದ ಔಷಧಿ ಬಾಟಲಿ ಎತ್ತಿಕೊಂಡು ಬಂದ. "ಸಾರ್, ಮೇಲ್ಗಡೆ ನಿಮ್ಮದೇ ಅಲ್ವಾ ಟೊಮೆಟೊ ತೋಟ?"

ನಮ್ಮದೇ. ತಮ್ಮ ಔಷಧಿ ಹೊಡೆದ ಮೇಲೆ ಕ್ಯಾನನ್ನು ಆ ಕಾಲುವೆಯಲ್ಲೇ ತೊಳೆಯುತ್ತಾನೆ. ಎಷ್ಟು ವರ್ಷದಿಂದ ನೋಡಿಕೊಂಡು ಸುಮ್ಮನಿದ್ದೇನೆ! ನಮ್ಮ ತಾತ ಇದೇ ಕೆರೆಯ ನೀರಗಂಟಿ. ತೂಬು ತೆಗೆದು ಊರಿನ ಗದ್ದೆಗೆಲ್ಲ ನೀರು ಹಂಚಿದವನಿಗೆ ಊರೊಳಗಿನ ಬಾವಿ ಮುಟ್ಟುವ ಹಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಕೆರೆಯಲ್ಲಿ ಬೊಗಸೆ ನೀರು ಕುಡಿದದ್ದನ್ನು ಪ್ರತಿವರ್ಷ ಭಾಷಣದಲ್ಲಿ ಹೇಳುವವನು ನಾನು. ಆ ಬಾಟಲಿ ಹಿಡಿದು ಏನು ಹೇಳಲಿ? "ಹೌದು ಕಣೋ, ನಮ್ಮದೇ" ಎಂದೆ.

ರಾತ್ರಿ 'ಬುದ್ಧ ಮತ್ತು ಆತನ ಧಮ್ಮ' ತೆಗೆದು ರೋಹಿಣಿ ನದಿಯ ಭಾಗ ಓದಿದೆ. ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಸಾರಲು ಶಾಕ್ಯ ಸಂಘ ಸೇರಿದೆ. ಸಿದ್ಧಾರ್ಥ ಎದ್ದು, ನಮ್ಮವರೂ ಮೇಲೆ ಬಿದ್ದಿದ್ದಾರೆಂದು ಕೇಳಿದ್ದೇನೆ, ಹಾಗಿದ್ದರೆ ನಾವೂ ನಿರ್ದೋಷಿಗಳಲ್ಲ ಎನ್ನುತ್ತಾನೆ. ಎರಡೂ ಕಡೆಯಿಂದ ಇಬ್ಬರಿಬ್ಬರು ಬರಲಿ, ಆ ನಾಲ್ವರು ಐದನೆಯವರನ್ನು ಆರಿಸಲಿ, ಅವರು ತೀರ್ಮಾನಿಸಲಿ ಎನ್ನುತ್ತಾನೆ. ಸಭೆ ಒಪ್ಪಲಿಲ್ಲ. ಮುಂದೆ ಅವನು ಮನೆ ಬಿಡಬೇಕಾಗಿ ಬಂದದ್ದು ನಿಮಗೆ ಗೊತ್ತು. ಶತ್ರುವಿನ ತಪ್ಪು ಎಣಿಸುತ್ತಿದ್ದ ಸಭೆಯಲ್ಲಿ ತನ್ನವರ ತಪ್ಪು ಹೇಳುವುದಕ್ಕೆ ಎಂಥ ಎದೆ ಬೇಕು! ಪ್ರತೀತ್ಯ ಸಮುತ್ಪಾದವನ್ನು ನಾನು ಇಷ್ಟು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಅಷ್ಟೇ.

ಬೆಳಿಗ್ಗೆ ತಮ್ಮನಿಗೆ ಹೇಳಿದೆ: ಕ್ಯಾನು, ಬಾಟಲಿ ಮೂರು ಸಲ ತೊಳೆದು ಆ ನೀರನ್ನು ಬೆಳೆಗೇ ಹೊಡಿ, ಕಾಲುವೆಗೆ ಬಿಡಬೇಡ. "ಮೇಲಿನ ತೋಟದವರೆಲ್ಲ ಅಲ್ಲೇ ತೊಳೀತಾರಲ್ಲಣ್ಣ, ನಾನೊಬ್ಬ ಬಿಟ್ರೆ ಏನಾಗುತ್ತೆ?" ಎಂದ. ನಾನೂ ಬೆಂಗಳೂರಿನವರನ್ನು ತೋರಿಸಿ ಹಾಗೇ ಮಾತಾಡುತ್ತಿದ್ದವನಲ್ಲವೇ? ಸಿಟ್ಟು ಬರಲಿಲ್ಲ. ಭಾನುವಾರ ಔಷಧಿ ಹೊಡೆಯುವ ದಿನ, ತೊಳೆಯುವುದಕ್ಕೆ ನಾನೇ ನಿಲ್ಲುತ್ತೇನೆ.

ಸೋಮವಾರ ಆ ಹುಡುಗಿ ಕೇಳದೆ ಬಿಡುವವಳಲ್ಲ.

ಭವತು ಸಬ್ಬ ಮಂಗಲಂ.