ಸಹನೆಯೆಂದರೆ ಸುಮ್ಮನಿರುವುದೇ?

ನೋವನ್ನು ಸದ್ದಿಲ್ಲದೆ ನುಂಗಿಕೊಳ್ಳುವವನನ್ನು ಧೀರನೆಂದು ಕರೆಯುವ ವಾಡಿಕೆ ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ದೇವರಗಟ್ಟಿನ ಬನ್ನಿ ಉತ್ಸವವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಜಯದಶಮಿಯ ರಾತ್ರಿ ಹೊಳಗುಂದ ಮಂಡಲದ ಆ ಗುಡ್ಡದ ಬಳಿ, ಮಾಳಮ್ಮ ಮಲ್ಲೇಶ್ವರರ ಉತ್ಸವಮೂರ್ತಿಗಳ ಸುತ್ತ, ದೀವಟಿಗೆಗಳ ಬೆಳಕಿನಲ್ಲಿ ಬಡಿಗೆಗಳು ಬಡಿದಾಡುತ್ತವೆ. ತಲೆಯೊಡೆದವನು ಗಾಯಕ್ಕೆ ಭಂಡಾರವನ್ನು ಮೆತ್ತಿಕೊಂಡು ಮತ್ತೆ ಗುಂಪಿನೊಳಗೆ ನುಗ್ಗುತ್ತಾನೆ. ಗೊರವಯ್ಯನು ತನ್ನ ಕಾಲಿನ ರಕ್ತವನ್ನೇ ಅರ್ಪಿಸುತ್ತಾನೆ. ಅಲ್ಲಿ 'ಅಯ್ಯೋ' ಎಂಬ ಮಾತಿಗೆ ಎಡೆಯಿಲ್ಲ.

ಆದರೆ ಆ ನೋವು ಆವೇಶದ ನೋವು. ನಾವು ಇಲ್ಲಿ ಚರ್ಚಿಸಹೊರಟಿರುವುದು ಆವೇಶವೇ ಇಲ್ಲದ ನೋವನ್ನು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ರೆಕ್ಸಿನ್ ಹೊದಿಸಿದ ಮೇಜಿನ ಮೇಲೆ ಮಲಗಿ, ಬರಿಗಾಲನ್ನು ವೈದ್ಯರ ಕೈಗೆ ಒಪ್ಪಿಸಿ, ಅದರ ಕೀಲಿನೊಳಗೆ ಸೂಜಿ ಇಳಿಯುವುದನ್ನು ಕಾಯುವಾಗಿನ ನೋವು ಅದು. ಪಾದದ ಸಂಧಿವಾತಕ್ಕಾಗಿ ನಾವು ಈ ಚಿಕಿತ್ಸೆಯನ್ನು ಪಡೆಯುತ್ತ ಬಂದಿದ್ದೇವೆ. ಸಂಘದ ಸದಸ್ಯರಲ್ಲಿ ನಮ್ಮ ವಯಸ್ಸಿನವರು ಹಲವರು ಇದೇ ದಾರಿಯಲ್ಲಿ ಕುಂಟುತ್ತಿರುವುದನ್ನು ಬಲ್ಲೆವಾದ್ದರಿಂದ ಈ ವಿಷಯವನ್ನೇ ಆರಿಸಿಕೊಂಡೆವು.

ಮೊದಲು ದೇಹದ ಸಂಗತಿ. ಮೊಣಕಾಲಿನ ಕೀಲು ವಿಶಾಲವಾದದ್ದು, ಔಷಧಿಗೆ ಅಲ್ಲಿ ಎಡೆಯುಂಟು. ಹೆಬ್ಬೆರಳಿನ ಬುಡದ ಕೀಲಾಗಲಿ ಪಾದದ ನಡುವಿನ ಕೀಲುಗಳಾಗಲಿ ಹಾಗಲ್ಲ. ಮೃದ್ವಸ್ಥಿ ಸವೆದು ಅಂಚುಗಳಲ್ಲಿ ಎಲುಬು ಬೆಳೆದ ಮೇಲಂತೂ ಸೂಜಿಯ ಮೊನೆಗೇ ದಾರಿ ಇಕ್ಕಟ್ಟು. ಒಳಹೊಕ್ಕ ದ್ರವವು ಕೀಲಿನ ಚೀಲವನ್ನು ಹಿಗ್ಗಿಸುತ್ತದೆ, ನಿಜವಾದ ನೋವು ಅದೇ. ಸ್ಟೀರಾಯ್ಡಿನ ಜೊತೆಗೆ ಮರಗಟ್ಟಿಸುವ ಮದ್ದನ್ನೂ ಸಾಮಾನ್ಯವಾಗಿ ಬೆರೆಸಿರುತ್ತಾರೆ. ಕೆಲವು ಗಂಟೆಗಳಲ್ಲಿ ಅದರ ಪ್ರಭಾವ ಇಳಿದರೆ ಒಂದೆರಡು ದಿನ ನೋವು ಮೊದಲಿಗಿಂತ ಹೆಚ್ಚಾಗುವುದುಂಟು. ಅನಂತರ ಕೆಲವರಿಗೆ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ನೆಮ್ಮದಿ; ಕೆಲವರಿಗೆ ಏನೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ವೈದ್ಯರಿಗೆ ಹೇಳಿರಬೇಕು. ಒಂದೇ ಕೀಲಿಗೆ ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬಾರಿ ಕೊಡಲು ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕೀಲಿನೊಳಗೆ ಹೈಡ್ರೋಕಾರ್ಟಿಸೋನ್ ಕೊಡುವ ಪದ್ಧತಿಯನ್ನು ಅಮೆರಿಕದ ವೈದ್ಯ ಜೋಸೆಫ್ ಹೊಲಾಂಡರ್ 1951ರಲ್ಲಿ ಪ್ರಚಾರಕ್ಕೆ ತಂದರು. ನಮ್ಮ ಅಜ್ಜಂದಿರಿಗೆ ಎಣ್ಣೆ, ಕಾವು, ಲಕ್ಕಿಸೊಪ್ಪು ಇಷ್ಟೇ ಗತಿ.

ಇನ್ನು ನೀತಿಯ ಪ್ರಶ್ನೆ. ಶೀತೋಷ್ಣ ಸುಖದುಃಖಗಳು ಬಂದುಹೋಗುವಂಥವು, ಅವನ್ನು ಸಹಿಸಿಕೊ ಎಂದು ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣನು ಅರ್ಜುನನಿಗೆ ಹೇಳುತ್ತಾನೆ. ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿ ಇನ್ನೂ ಮುಂದೆ ಹೋಗಿ, ಪ್ರತೀಕಾರವನ್ನೇ ಹುಡುಕದೆ, ಚಿಂತೆ ವಿಲಾಪಗಳಿಲ್ಲದೆ ದುಃಖವನ್ನು ಹೊರುವುದೇ ತಿತಿಕ್ಷೆ ಎನ್ನುತ್ತದೆ. ಹಾಗಾದರೆ ಬಳ್ಳಾರಿಗೋ ಕರ್ನೂಲಿಗೋ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದವನು ತಿತಿಕ್ಷೆಗೆ ಎರವಾದನೇ? ಹಾಗೆಂದು ನಮಗೆ ತೋರುವುದಿಲ್ಲ. ಆ ಮಾತನ್ನು ಹೇಳಿರುವುದು ಮನೆಮಠಗಳ ಹೊಣೆಯನ್ನು ಕಳಚಿಟ್ಟು ಮೋಕ್ಷವೊಂದನ್ನೇ ಅರಸಿ ಹೊರಟವನಿಗೆ. ಗೃಹಸ್ಥನ ಕಾಲು ಅವನೊಬ್ಬನದಲ್ಲ. ಅದು ಮೊಮ್ಮಗಳನ್ನು ಶಾಲೆಗೆ ಬಿಟ್ಟುಬರಬೇಕು, ರೇಷನ್ ಅಂಗಡಿಯ ಮುಂದೆ ನಿಲ್ಲಬೇಕು. ಮಾನ್ವಿಯ ಜಗನ್ನಾಥದಾಸರ ವಿಷಯದಲ್ಲಿ ದಾಸಪರಂಪರೆ ಹೇಳುವುದನ್ನು ನೆನೆಯಿರಿ. ಹೊಟ್ಟೆಯ ಶೂಲೆ ತಾಳಲಾರದೆ ಅವರು ನಮ್ಮ ಮಂತ್ರಾಲಯಕ್ಕೆ ಬಂದು ರಾಯರ ಸೇವೆ ಮಾಡಿದರು, ಅಲ್ಲಿಂದ ವಿಜಯದಾಸರಲ್ಲಿಗೆ, ಗೋಪಾಲದಾಸರಲ್ಲಿಗೆ ಹೋದರು. ಹರಿಕಥಾಮೃತಸಾರವನ್ನು ರಚಿಸಿದವರು ಪರಿಹಾರವನ್ನು ಬೇಡಿ ಊರೂರು ನಡೆದರೆಂಬುದನ್ನು ಯಾರೂ ಹೇಡಿತನವೆಂದಿಲ್ಲ.

ಗ್ರೀಕರ ಕಡೆಯ ಒಂದು ಕಥೆಯನ್ನು ಸಿಸೆರೋ ಬರೆದಿಟ್ಟಿದ್ದಾನೆ. ಸ್ಟೋಯಿಕ್ ಪಂಥದ ಪೊಸಿಡೋನಿಯಸ್ ರೋಡ್ಸ್ ದ್ವೀಪದಲ್ಲಿ ಕೀಲುನೋವಿನಿಂದ ಹಾಸಿಗೆ ಹಿಡಿದಿದ್ದಾಗ ರೋಮಿನ ಸೇನಾನಿ ಪಾಂಪೆ ಅವನನ್ನು ಕಾಣಲು ಬಂದನಂತೆ. ತತ್ತ್ವಜ್ಞಾನಿಯು ಮಲಗಿಕೊಂಡೇ ಉಪನ್ಯಾಸ ಮಾಡಿದನು. ನೋವು ಇರಿದಾಗಲೆಲ್ಲ, ನೀನು ಏನು ಮಾಡಿದರೂ ನಿನ್ನನ್ನು ಕೇಡೆಂದು ಒಪ್ಪೆನು ಎಂದು ನೋವಿಗೇ ಹೇಳಿದನು. ಕೇಳಲು ಸೊಗಸಾಗಿದೆ. ಆದರೆ ನಲವತ್ತು ವರ್ಷ ತರಗತಿಗಳ ಮುಂದೆ ನಿಂತ ನಮಗೆ ಸಭೆಯ ಎದುರಿನ ಧೈರ್ಯದ ಬಗ್ಗೆ ಸ್ವಲ್ಪ ಸಂಶಯವುಂಟು. ಪಾಂಪೆ ಹೊರಟುಹೋದ ಮೇಲೆ ಆ ರಾತ್ರಿ ಮನೆಯವರ ಮುಂದೆ ಅವನು ಏನೆಂದನು? ಅದೇ ಪಂಥದ ಡಯೊನೀಸಿಯಸ್ ಎಂಬವನು ತೀವ್ರ ನೋವು ಬಂದಾಗ, ನೋವು ಕೇಡೇ ಹೌದೆಂದು ಒಪ್ಪಿಕೊಂಡು ಪಂಥವನ್ನು ಬಿಟ್ಟನು. ಜನರು ಅವನಿಗೆ ಪಕ್ಷಾಂತರಿ ಎಂಬ ಅಡ್ಡಹೆಸರಿಟ್ಟರು. ನಮ್ಮ ಒಲವು ಇವನ ಕಡೆಗೇ.

ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬುದ್ಧನು ಹೇಳಿದ ಎರಡು ಬಾಣಗಳ ದೃಷ್ಟಾಂತ. ದೇಹಕ್ಕೆ ತಾಗುವುದು ಮೊದಲನೆಯ ಬಾಣ, ಅದನ್ನು ಕುರಿತ ಮನಸ್ಸಿನ ಗೋಳು ಎರಡನೆಯದು. ನಮ್ಮ ವಿಷಯದಲ್ಲಿ ಎರಡನೆಯ ಬಾಣವೇ ಮೊದಲು ಬರುತ್ತದೆ. ದಿನ ಗೊತ್ತಾದೊಡನೆ ಅದು ನಾಟುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಧನುರ್ವಾಯುವಿನ ಸೂಜಿ ಹಾಕುವ ದಿನ ಇದನ್ನು ವರ್ಷವರ್ಷವೂ ಕಂಡಿದ್ದೇವೆ: ಸಾಲಿನ ಮೊದಲ ಹುಡುಗ ಮುಖ ಕಿವುಚಿ ಆಟಕ್ಕೆ ಓಡುತ್ತಾನೆ, ಕೊನೆಯ ಹುಡುಗ ಸೂಜಿ ತಾಗುವ ಮೊದಲೇ ಬೆವರಿ ಬಿಳಿಚಿಕೊಂಡಿರುತ್ತಾನೆ. ಸೂಜಿ ಇಬ್ಬರಿಗೂ ಒಂದೇ. ಆದ್ದರಿಂದ ನಾವು ಬೆಳಗಿನ ಮೊದಲ ಸರದಿಯನ್ನೇ ಕೇಳುತ್ತೇವೆ. ಚುಚ್ಚುವ ಮುನ್ನ ಹೇಳಿರೆಂದು ವೈದ್ಯರಲ್ಲಿ ಬಿನ್ನವಿಸುತ್ತೇವೆ, ಹೇಳಿದೊಡನೆ ಉಸಿರನ್ನು ನಿಧಾನವಾಗಿ ಹೊರಬಿಡುತ್ತೇವೆ. ಕೂಗು ಬಂದರೆ ತಡೆಯುವುದಿಲ್ಲ. ಒಮ್ಮೆ ಹಲ್ಲು ಕಚ್ಚಿ ಮಲಗಿದ್ದ ಪಕ್ಕದ ರೋಗಿಯೊಬ್ಬರಿಗೆ ವೈದ್ಯರು, "ಯಜಮಾನರೇ, ನೀವು ಬಾಯಿಬಿಡದಿದ್ದರೆ ಎಲ್ಲಿ ನೋಯುತ್ತಿದೆಯೆಂದು ನನಗೆ ತಿಳಿಯುವುದು ಹೇಗೆ?" ಎಂದು ಕೇಳಿದ್ದುಂಟು. ಸೂಜಿ ಒಳಗಿರುವಾಗ ಕಾಲು ಅಲುಗಬಾರದು, ಅಷ್ಟೇ. ಸಹನೆ ಬೇಕಾದದ್ದು ಕಾಲಿಗೆ, ಬಾಯಿಗಲ್ಲ.

ಹಿರಿಯರು ನೋವನ್ನು ಮುಚ್ಚಿಟ್ಟುಕೊಳ್ಳುವುದು ಮನೆಯವರಿಗೆ ಉಪಕಾರವೆಂದು ಭಾವಿಸುತ್ತಾರೆ. ಆದರೆ ನುಂಗಿದ ನೋವು ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. ಕಾಫಿ ಆರಿದೆ, ಟಿ.ವಿ. ಸದ್ದು ಹೆಚ್ಚಾಗಿದೆ ಎಂಬ ಸಿಡಿಮಿಡಿಯಾಗಿ ಅದು ಹೊರಬರುತ್ತದೆ, ಮತ್ತು ಸಾಮಾನ್ಯವಾಗಿ ಸೊಸೆಯ ಮೇಲೆ ಬೀಳುತ್ತದೆ. ಕಾರಣ ತಿಳಿಯದೆ ಬೈಸಿಕೊಂಡವರ ಸಹನೆಯನ್ನು ಯಾರೂ ತಿತಿಕ್ಷೆಯೆಂದು ಹೊಗಳುವುದಿಲ್ಲ.

ಇನ್ನೊಂದು ಮಾತು ನಮ್ಮನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ನಮಗೆ ಪಿಂಚಣಿಯಿದೆ, ಇಂಜೆಕ್ಷನ್ ಬೇಕೋ ಬೇಡವೋ ಎಂದು ಆಯುವ ಅವಕಾಶವಿದೆ. ಆದೋನಿಯ ಸುತ್ತಿನ ಹೊಲಗಳಲ್ಲಿ ಹತ್ತಿ ಬಿಡಿಸುವ, ಕೋಸಿಗಿ ಕೌತಾಳಂ ಕಡೆಯಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ ಹೋಗುವ ಹೆಂಗಸರ ಪಾದಗಳಿಗೆ ಆ ಆಯ್ಕೆ ಎಲ್ಲಿದೆ? ಅವರು ನೋವನ್ನು ಹೇಳುವುದಿಲ್ಲ, ಹೇಳಿದರೆ ಆ ದಿನದ ಕೂಲಿ ಹೋಗುತ್ತದೆ. ಬೇರೆ ದಾರಿಯಿಲ್ಲದವರ ಮೌನಕ್ಕೆ ಸಹನೆಯೆಂದು ಹೆಸರಿಟ್ಟು ಕೊಂಡಾಡುವುದು ನಮ್ಮಂಥವರಿಗೆ ಬಹಳ ಅನುಕೂಲ.

ಅದರ ಮೇಲೆ ಭಾಷೆಯ ತೊಡಕು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಕಚೇರಿ ಭಾಷೆ ಬದಲಾಯಿತು, ಅಜ್ಜಿಯರು ನೋವನ್ನು ಹೇಳಿಕೊಳ್ಳುವ ಭಾಷೆ ಬದಲಾಗಲಿಲ್ಲ. ಸೆಳೆತ, ಸಿಡಿತ, ಜೋಮು, ಉರಿ, ಹಿಂಡುವುದು, ಇರಿಯುವುದು ಎಂದು ನಮ್ಮಲ್ಲಿ ನೋವಿಗೆ ಎಷ್ಟು ಮಾತುಗಳು! ಇವುಗಳಿಂದಲೇ ವೈದ್ಯನು ರೋಗವನ್ನು ಗುರುತಿಸಬೇಕು. ಕಳೆದ ಬಾರಿ ಆಸ್ಪತ್ರೆಯೊಂದರಲ್ಲಿ, ಹೊಳಗುಂದದ ಕಡೆಯ ಮುದುಕಿಯೊಬ್ಬರು ಕರಾವಳಿಯಿಂದ ಬಂದ ಯುವ ವೈದ್ಯರ ಮುಂದೆ ಕುಳಿತಿದ್ದರು. ಕೇಳಿದ್ದಕ್ಕೆಲ್ಲ ಮಗನೇ ಉತ್ತರ ಕೊಡುತ್ತಿದ್ದನು. "ಅಮ್ಮಾ, ನೀವೇ ಹೇಳಿರಿ" ಎಂದು ನಾವು ಕನ್ನಡದಲ್ಲಿ ಹೇಳಿದೆವು. "ಸೆಳೀತೈತ್ರೀ, ಒಳಗ ಯಾರೋ ಹಿಂಡಿದಂಗ ಆಕ್ಕೈತಿ" ಎಂದು ಆಕೆ ಬಾಗಿ ಕೈಯಿಟ್ಟು ತೋರಿಸಿದರು. ನಾವು ಅದನ್ನು ತೆಲುಗಿಗೆ ತಂದೆವು. ಚೀಟಿಯಲ್ಲಿ ಅದುವರೆಗೆ ಮೊಣಕಾಲು ನೋವೆಂದು ಬರೆದಿತ್ತು. ಆಕೆ ಕೈಯಿಟ್ಟದ್ದು ಪಾದದ ನಡುವಿಗೆ.