ಬಾಗಿಲು ದಾಟಿ ಹೋದವರು



ನಮ್ಮ ಧರ್ಮಕೇಂದ್ರದ ಒಂದು ಕುಟುಂಬವು ಭಾನುವಾರದ ಬಲಿಪೂಜೆಗೆ ಬರುವುದನ್ನು ನಿಲ್ಲಿಸಿ ಯಾವುದೋ ಹೊಸ ಪ್ರಾರ್ಥನಾ ಪಂಗಡವನ್ನು ಸೇರಿಕೊಂಡಿತೆಂಬ ಸುದ್ದಿ ಕಿವಿಗೆ ಬಿದ್ದಾಗ ನಾವು ಆಡುವ ಮೊದಲ ಮಾತು ಯಾವುದು? 'ಯಾರೋ ತಲೆ ಕೆಡಿಸಿದ್ದಾರೆ' ಎಂಬುದೇ ಅಲ್ಲವೇ? ಈ ಮಾತಿನಲ್ಲಿ ನಮಗೊಂದು ಅನುಕೂಲವಿದೆ. ತಪ್ಪು ಕೆಡಿಸಿದವರದಾಗುತ್ತದೆ, ಇಲ್ಲವೇ ಕೆಟ್ಟವರದಾಗುತ್ತದೆ, ನಮ್ಮದಂತೂ ಆಗುವುದಿಲ್ಲ.

ಕೊರಿಯಾದ ಸನ್ ಮ್ಯುಂಗ್ ಮೂನ್ 1954ರಲ್ಲಿ ಸ್ಥಾಪಿಸಿದ ಯೂನಿಫಿಕೇಶನ್ ಚರ್ಚ್, 1970ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಯುವಜನರನ್ನು ಸೆಳೆದಾಗ ಅಲ್ಲಿನ ತಂದೆತಾಯಿಯರೂ ಇದನ್ನೇ ಹೇಳಿದರು. ಲಂಡನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಆ ಪಂಗಡದ ಶಿಬಿರಗಳಿಗೆ ಹೋದ ಸಾವಿರಕ್ಕೂ ಹೆಚ್ಚು ಮಂದಿಯ ಬಗ್ಗೆ ವಿಚಾರಿಸಿ 1984ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಮಂದಿ ಸೇರಲೇ ಇಲ್ಲ. ಸೇರಿದವರಲ್ಲೂ ಬಹುಪಾಲು ಮಂದಿ ಎರಡು ವರ್ಷಗಳೊಳಗೆ ತಾವಾಗಿಯೇ ಹೊರಬಂದರು. ತಲೆ ಕೆಡಿಸುವ ವಿದ್ಯೆ ಅಷ್ಟು ಬಲವಾದದ್ದಾಗಿದ್ದರೆ ಹೀಗಾಗುತ್ತಿತ್ತೇ? ಅದಕ್ಕೂ ಮುನ್ನ, 1965ರಲ್ಲಿ, ಜಾನ್ ಲಾಫ್ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್ ಎಂಬ ವಿದ್ವಾಂಸರು ಇದೇ ಪಂಗಡವನ್ನು ಹತ್ತಿರದಿಂದ ನೋಡಿ ಬರೆದಿದ್ದರು: ಒಳಗಿದ್ದವರೊಡನೆ ಸ್ನೇಹ ಬೆಳೆಯದೆ ಯಾರೂ ಪೂರ್ತಿಯಾಗಿ ಒಳಸೇರುತ್ತಿರಲಿಲ್ಲ. ಬೋಧನೆಯೊಂದೇ ಸಾಲುತ್ತಿರಲಿಲ್ಲ.

ಹಾಗಾದರೆ ಸ್ನೇಹವನ್ನು ಅರಸಿ ಹೋದವರನ್ನು ದೂಷಿಸಬಹುದೇ? ಅಮೆರಿಕದ 'ಪೀಪಲ್ಸ್ ಟೆಂಪಲ್' ಎಂಬ ಸಭೆಯ ದಾರುಣ ಅಂತ್ಯ ಅನೇಕರಿಗೆ ಗೊತ್ತು. ಅದರ ಆರಂಭ ಗೊತ್ತಿರುವವರು ಕಡಿಮೆ. 1950ರ ದಶಕದ ಇಂಡಿಯಾನಾಪೊಲಿಸ್ ನಗರದಲ್ಲಿ ಬಿಳಿಯರು, ಕರಿಯರು ಒಂದೇ ಪೀಠದಲ್ಲಿ ಕುಳಿತು ಪ್ರಾರ್ಥಿಸುವುದು ಅಪರೂಪವಾಗಿತ್ತು. ಜಿಮ್ ಜೋನ್ಸ್ ಎಂಬ ಬೋಧಕನ ಸಭೆಯಲ್ಲಿ ಅವರು ಜೊತೆಯಾಗಿ ಕುಳಿತರು. ಹಸಿದವರಿಗೆ ಅಲ್ಲಿ ಉಚಿತ ಊಟ ದೊರೆಯುತ್ತಿತ್ತು, ವೃದ್ಧರಿಗೆ ಆಶ್ರಯವಿತ್ತು. ಮುಂದೆ ಕ್ಯಾಲಿಫೋರ್ನಿಯದಲ್ಲಿ ಮಾದಕ ವ್ಯಸನಕ್ಕೆ ಸಿಕ್ಕ ಯುವಕರನ್ನೂ ಅವರು ಮೇಲೆತ್ತಿದರು. ಬೇರೆ ದೇವಾಲಯಗಳಲ್ಲಿ ಹಿಂದಿನ ಸಾಲೂ ಸಿಗದಿದ್ದ ಕಪ್ಪುವರ್ಣದ ಅಜ್ಜಿಯೊಬ್ಬಳು ಅಲ್ಲಿ ಸೇರಿದ್ದರೆ, ಅವಳ ತಲೆ ಕೆಟ್ಟಿತ್ತೆಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ.

ಆದರೆ 1978ರ ನವೆಂಬರ್ 18ರಂದು ಗಯಾನಾದ ಕಾಡಿನಲ್ಲಿ ಆ ಸಭೆಯು ಕಟ್ಟಿಕೊಂಡಿದ್ದ ಜೋನ್ಸ್‌ಟೌನ್ ಎಂಬಲ್ಲಿ 909 ಮಂದಿ ಸತ್ತರು. ಬಹುತೇಕ ಎಲ್ಲರ ಸಾವಿಗೂ ಕಾರಣ ಸಯನೈಡ್. ಸತ್ತವರಲ್ಲಿ ಸುಮಾರು 300 ಮಂದಿ ಮಕ್ಕಳು. ಒಳ್ಳೆಯ ಹಸಿವಿನಿಂದ ಹೊರಟ ದಾರಿ ಅಲ್ಲಿಗೆ ಹೇಗೆ ಮುಟ್ಟಿತು? ಒಂದೇ ದಿನದಲ್ಲಿ ಅಲ್ಲ. ಮೊದಲು ಸಂಬಳವನ್ನು ಒಪ್ಪಿಸಿದರು, ಬಳಿಕ ಮನೆಯನ್ನು, ಕೊನೆಗೆ ಪಾಸ್‌ಪೋರ್ಟನ್ನು. ಭಿನ್ನಾಭಿಪ್ರಾಯ ದ್ರೋಹವೆನಿಸಿತು. ಕೊಟ್ಟದ್ದೆಲ್ಲವೂ ಪ್ರೀತಿಯ ಹೆಸರಿನಲ್ಲೇ ಹೋಯಿತಾದ್ದರಿಂದ ಅಂತಃಸಾಕ್ಷಿಯೂ ಕೈಬಿಟ್ಟುಹೋದದ್ದು ಅನೇಕರ ಅರಿವಿಗೆ ಬರಲಿಲ್ಲ. ಅಂತಃಸಾಕ್ಷಿಯನ್ನು ಇನ್ನೊಬ್ಬ ಮನುಷ್ಯನ ವಶಕ್ಕೆ ಕೊಡುವ ಹಕ್ಕು ನಮಗಿಲ್ಲ, ಆತ ಎಷ್ಟೇ ಉಪಕಾರ ಮಾಡಿರಲಿ. ಇದನ್ನು ಹೇಳುವಾಗ ನಮ್ಮ ನಡುವೆ ಗುರುಗಳ ಮಾತೆಂದರೆ ಪ್ರಶ್ನೆಯೇ ಇಲ್ಲವೆಂಬ ಅಭ್ಯಾಸವೂ ನೆನಪಿಗೆ ಬಂದು ಸ್ವಲ್ಪ ಮುಜುಗರವಾಗುತ್ತದೆ.

1986ರಲ್ಲಿ ವ್ಯಾಟಿಕನ್ ಹೊಸ ಪಂಗಡಗಳ ಕುರಿತು ಹೊರಡಿಸಿದ ವರದಿಯು ಜನರು ಬಂಧುತ್ವವನ್ನೂ ಬದುಕಿನ ಪ್ರಶ್ನೆಗಳಿಗೆ ಉತ್ತರವನ್ನೂ ಹುಡುಕುತ್ತಿದ್ದಾರೆಂದು ಗುರುತಿಸಿ, ಇದನ್ನು ಪಾಲನಾ ಸೇವೆಗೆ ಒಡ್ಡಿದ ಸವಾಲೆಂದು ಕರೆಯಿತು. ಸವಾಲು ಎಂಬ ಪದ ಓದಲು ಹಗುರ.

ಹಾಗೆ ಬಿಟ್ಟುಹೋದ ತಾಯಿಯೊಬ್ಬರನ್ನು ಒಮ್ಮೆ ಸಂತೆಯಲ್ಲಿ ಕಂಡೆ. ಔಷಧಿ ಬೇಡ, ಪ್ರಾರ್ಥನೆ ಸಾಕೆಂಬ ಅವರ ಪಂಗಡದ ಬೋಧನೆ ಅಪಾಯಕರವೆಂದು ನೇರವಾಗಿಯೇ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಅದು ನನಗೂ ಸರಿ ಕಾಣೋದಿಲ್ಲ, ಮಾತ್ರೆ ನುಂಗ್ತಾ ಇದ್ದೀನಿ. ಆದರೆ ನಮ್ಮ ಯಜಮಾನರು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರಲ್ಲ, ರಾತ್ರಿ ಗಂಜಿ ತಂದು ಕೂತವರು ಅವರೇ. ನೀವು ಯಾವಾಗ ಬಂದಿರಿ?" ಎಂದರು. ನಾನು ಹೋದದ್ದು ಅಂತ್ಯಕ್ರಿಯೆಗೆ.